ಎಲ್ಲ ‘ಕರಿ’ಯೂ ನಮ್ಮ ಕರಿಯಲ್ಲ

ಮಾನ್ಯ ಸಂಪಾದಕರೇ,

ತಮ್ಮ ಭಾನುವಾರದ ಪುರವಣಿಯಲ್ಲಿ ‘ಕರಿ’ ಎಂಬ ಎರಡಕ್ಷರದ ಪದದ ಮೇಲೆ ಬಂದ ಬರಹವನ್ನು ಓದಿದೆವು. ಕನ್ನಡ, ಸಂಸ್ಕೃತ, ತಮಿಳು, ಇಂಗ್ಲಿಷ್, ಜಪಾನಿ, ಟರ್ಕಿಷ್, ಫಿನ್ನಿಷ್ ಭಾಷೆಗಳ ‘ಕರಿ’ಗಳನ್ನೆಲ್ಲ ಒಂದು ಚೌಕಟ್ಟಿನಲ್ಲಿ ಪಟ್ಟಿ ಮಾಡಿ, ಇವೆಲ್ಲ ಒಂದೇ ಬೇರಿನಿಂದ ಒಡೆದ ಕೊಂಬೆಗಳು, ಆ ಬೇರು ಕನ್ನಡದ್ದು ಎಂದು ಬರಹ ಮುಗಿಯುತ್ತದೆ. ಪಟ್ಟಿಯ ಪದಗಳು ನಿಜ, ಅರ್ಥಗಳೂ ಬಹುಮಟ್ಟಿಗೆ ಸರಿ. ತೀರ್ಮಾನ ಮಾತ್ರ ತಪ್ಪು. ಇಂಥದ್ದು ವಾಟ್ಸ್ಆ್ಯಪ್‌ನಲ್ಲಿ ಬಂದರೆ ನಕ್ಕು ಸುಮ್ಮನಾಗಬಹುದು. ಪತ್ರಿಕೆಯಲ್ಲಿ ಅಚ್ಚಾದದ್ದು ಮುಂದೆ ಶಾಲೆಯ ಪ್ರಬಂಧಕ್ಕೆ, ಭಾಷಣಕ್ಕೆ, ಕೊನೆಗೆ ಯಾವುದೋ ಪುಸ್ತಕಕ್ಕೂ ನುಗ್ಗುತ್ತದೆ. ನಿಘಂಟು ಮತ್ತು ಪದಮೂಲದ ಕೆಲಸದಲ್ಲಿರುವ ನಾವಿಬ್ಬರು ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇವೆ. ಜಾಗ ಸಾಲದಿದ್ದರೆ ನಡುವೆ ಎಲ್ಲಾದರೂ ಕತ್ತರಿಸಿ. ತಿದ್ದಬೇಕಾದ ಸಾಲುಗಳು ಕೊನೆಯಲ್ಲಿವೆ.

ಇಂಥ ಪಟ್ಟಿ ಕಂಡಾಗ ಕೇಳಬೇಕಾದ ಮೊದಲ ಪ್ರಶ್ನೆ ಬಹಳ ಸಣ್ಣದು: ಪದದ ಕೊನೆಯಲ್ಲಿರುವ ಈ ‘ಇ’ ಎಲ್ಲಿಂದ ಬಂತು? ಅದು ಧಾತುವಿನ ಭಾಗವೋ, ಪ್ರತ್ಯಯವೋ, ವಿಭಕ್ತಿಯೋ, ಏನೋ ಬಿದ್ದುಹೋಗಿ ಉಳಿದ ತುಣುಕೋ? ಈ ಒಂದು ಪ್ರಶ್ನೆಗೇ ಪಟ್ಟಿಯ ಅರ್ಧ ಪದಗಳು ಬೇರೆ ಬೇರೆ ದಾರಿ ಹಿಡಿಯುತ್ತವೆ.

ದೂರದ ಜಪಾನಿಗೆ ಹೋಗುವ ಮೊದಲು ಮನೆಯೊಳಗೇ ನೋಡಿದರೆ ಕನ್ನಡದಲ್ಲೇ ಮೂರು ‘ಕರಿ’ಗಳಿವೆ. ಕರಿಹಲಗೆ, ಕರಿಮಣಿ, ಕರಿನೆರಳುಗಳಲ್ಲಿ ಇರುವುದು ಬಣ್ಣ. ಬಸವಣ್ಣನವರು ‘ಕರಿ ಘನ, ಅಂಕುಶ ಕಿರಿದೆನ್ನಬಹುದೆ’ ಎಂದಾಗ ಅದು ಆನೆ. ಎಣ್ಣೆಯಲ್ಲಿ ಕರಿಯುವುದು ಕ್ರಿಯಾಪದ. ‘ಕರಿಮುಖ’ ಎಂಬುದು ಸ್ತೋತ್ರದಲ್ಲಿ ಬಂದರೆ ಗಣಪತಿ, ಮುಸುವದ ವರ್ಣನೆಯಲ್ಲಿ ಬಂದರೆ ಕಪ್ಪು ಮೋರೆ. ‘ಕರಿದು’ ಎಂಬುದು ಹಳಗನ್ನಡದಲ್ಲಿ ಕಪ್ಪಾದದ್ದು. ಇಂದಿನ ಕನ್ನಡದಲ್ಲಿ ಬಾಣಲೆಯಿಂದ ಎತ್ತುವ ಮುಂಚಿನ ಕೆಲಸ.

ಆನೆ ಕಪ್ಪಗಿರುವುದರಿಂದ ಅದಕ್ಕೆ ಕರಿ ಎಂದು ಹೆಸರು ಬಂತು ಎಂಬ ವಿವರಣೆ ತಮ್ಮ ಬರಹದಲ್ಲೂ ಇದೆ. ಕೇಳಲು ಹಿತವಾಗಿದೆ, ಆದರೆ ಆನೆಯ ‘ಕರಿ’ ಸಂಸ್ಕೃತದ್ದು. ಕರ ಎಂದರೆ ಕೈ. ಆನೆಗೆ ಸೊಂಡಿಲೇ ಕೈ. ಅದಕ್ಕೆ ‘ಉಳ್ಳದ್ದು’ ಎಂಬ ಅರ್ಥದ ‘ಇನ್’ ಪ್ರತ್ಯಯ ಹತ್ತಿ ಕರಿನ್ ಆಯಿತು. ಪ್ರಥಮಾ ವಿಭಕ್ತಿಯ ಏಕವಚನದಲ್ಲಿ ನಕಾರ ಬಿದ್ದು ‘ಕರೀ’. ಅದನ್ನೇ ಕನ್ನಡ ‘ಕರಿ’ ಎಂದು ತೆಗೆದುಕೊಂಡಿದೆ. ಹಸ್ತದಿಂದ ಹಸ್ತಿ, ದಂತದಿಂದ ದಂತಿ ಬಂದದ್ದೂ ಇದೇ ಅಚ್ಚಿನಲ್ಲಿ, ಮೂರೂ ಆನೆಯ ಹೆಸರೇ. ಬಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲ, ಬೆಳ್ಳಗಿನ ಐರಾವತವೂ ಕರಿಯೇ. ಬಿದ್ದುಹೋದ ನಕಾರವನ್ನು ನೋಡಬೇಕಿದ್ದರೆ ಹೆಣ್ಣಾನೆಯ ಹೆಸರನ್ನು ನೋಡಿ: ಕರಿಣಿ. ರಕಾರದ ಪ್ರಭಾವದಿಂದ ‘ನ’ ಅಲ್ಲಿ ‘ಣ’ ಆಗಿ ಕೂತಿದೆ.

ಬಣ್ಣದ ಕರಿಯ ಕಥೆಯೇ ಬೇರೆ. ಅಲ್ಲಿ ‘ಇ’ ಬಾಲ, ‘ಕರ್’ ತಿರುಳು. ಬಾಲ ಕಳಚಿದ ರೂಪಗಳು ನಮ್ಮ ಬಾಯಲ್ಲೇ ಇವೆ: ಕಾರ್ಮುಗಿಲು, ಕಗ್ಗತ್ತಲೆ, ಕಗ್ಗಲ್ಲು. ಆನೆಯ ಕರಿಯನ್ನು ಹೀಗೆ ಕಳಚಲು ಬರುವುದಿಲ್ಲ, ಕರಿಘಟೆ ಎಂದೂ ಕಗ್ಘಟೆ ಆಗುವುದಿಲ್ಲ. ಸಂಧಿ ಇನ್ನೊಂದು ಒರೆಗಲ್ಲು. ಆನೆಯ ಕರಿಗೆ ‘ಇಂದ್ರ’ ಸೇರಿದರೆ ಸವರ್ಣದೀರ್ಘವಾಗಿ ಕರೀಂದ್ರ. ಬಣ್ಣದ ಕರಿಗೆ ‘ಇರುವೆ’ ಸೇರಿದರೆ ಯಕಾರ ಬಂದು ಕರಿಯಿರುವೆ; ‘ಕರೀರುವೆ’ ಎಂದರೆ ಯಾರಿಗೂ ಅರ್ಥವಾಗದು. ಕಾಗುಣಿತ ಒಂದೇ ಇದ್ದರೂ ವ್ಯಾಕರಣ ಎರಡನ್ನೂ ಬೇರೆ ಬೇರೆ ಲೆಕ್ಕದಲ್ಲಿ ಇಟ್ಟಿದೆ ಎನ್ನಲು ಇಷ್ಟು ಸಾಕು.

ತಮಿಳಿನ ವಿಷಯದಲ್ಲಿ ಬರಹ ಇನ್ನಷ್ಟು ಎಡವಿದೆ, ಎಡವಿದ್ದಕ್ಕೆ ಕಾರಣವೂ ಇದೆ. ತಮಿಳಿನಲ್ಲಿ ಎರಡು ರಕಾರಗಳಿವೆ. ಹಳಗನ್ನಡದಲ್ಲೂ ಇದ್ದವು, ರ ಮತ್ತು ಱ. ನಾವು ಎರಡನೆಯದನ್ನು ಕಳೆದುಕೊಂಡೆವು, ಅವರು ಉಳಿಸಿಕೊಂಡರು. ತಮಿಳಿನಲ್ಲಿ ‘ಕರಿ’ ಎಂದರೆ ಇದ್ದಿಲು. ನಮ್ಮ ಬಣ್ಣದ ಕರಿಯ ಒಡಹುಟ್ಟು. ‘ಕಱಿ’ ಎಂದರೆ ಮೇಲೋಗರ, ಮಾಂಸ, ತರಕಾರಿ. ಹಳೆಯ ತಮಿಳಿನಲ್ಲಿ ಮೆಣಸು ಕೂಡ. ಸಂಗಂ ಕಾಲದ ಕವನಸಂಗ್ರಹ ಅಗನಾನೂರಿನ 149ನೇ ಪದ್ಯದಲ್ಲಿ ಯವನರ, ಅಂದರೆ ಗ್ರೀಕ್ ಮತ್ತು ರೋಮನ್ ವರ್ತಕರ, ಹಡಗುಗಳು ಮುಚಿರಿ ಬಂದರಿಗೆ ಚಿನ್ನದೊಂದಿಗೆ ಬಂದು ‘ಕಱಿ’ಯೊಂದಿಗೆ ಹಿಂದಿರುಗುತ್ತವೆ. ಹಡಗು ತುಂಬಿಕೊಂಡು ಹೋದದ್ದು ಮೆಣಸು, ಅಡುಗೆಯಲ್ಲ. ಇದು ಸಾಲದು ಎಂಬಂತೆ ತಿರುಕ್ಕುರಳಿನ 25ನೇ ಕುರಳಿನಲ್ಲಿ ‘ಕರಿ’ ಎಂದರೆ ಸಾಕ್ಷಿ: ಇಂದ್ರಿಯ ಗೆದ್ದವನ ಶಕ್ತಿಗೆ ಇಂದ್ರನೇ ಸಾಕ್ಷಿ ಎಂಬ ಮಾತಿನಲ್ಲಿ ಬರುತ್ತದೆ. ಅದನ್ನು ಆನೆ ಎಂದೋ ಇದ್ದಿಲು ಎಂದೋ ಓದಿದರೆ ಏನಾಗುತ್ತದೆ ಊಹಿಸಿ.

ಱ ಹೋದದ್ದರಿಂದ ಕನ್ನಡದಲ್ಲಿ ಎಷ್ಟು ಪದಗಳು ಒಂದರ ಮೇಲೊಂದು ಕುಸಿದಿವೆ ಎಂಬುದಕ್ಕೆ ‘ಕರೆ’ ಒಳ್ಳೆಯ ಉದಾಹರಣೆ. ಕೂಗಿ ಕರೆಯುವುದಕ್ಕೆ, ಹಾಲು ಕರೆಯುವುದಕ್ಕೆ, ಬಟ್ಟೆಗೆ ಹತ್ತಿದ ಕರೆಗೆ, ನದಿಯ ಕರೆಗೆ ಇಂದು ಒಂದೇ ಬರಹ. ಹಳಗನ್ನಡದಲ್ಲಿ ಕೂಗುವುದು ಮತ್ತು ದಡ ‘ಕರೆ’, ಹಾಲು ಹಿಂಡುವುದು ಮತ್ತು ಕಲೆ ‘ಕಱೆ’. ತಮಿಳಿನ ಕರೈ, ಕಱ, ಕಱೈಗಳನ್ನು ಪಕ್ಕಕ್ಕಿಟ್ಟರೆ ಯಾವುದು ಯಾರ ನೆಂಟ ಎಂದು ತಟ್ಟನೆ ಗೊತ್ತಾಗುತ್ತದೆ. ಹಾಗಾಗಿ ಕನ್ನಡದ ಪದಮೂಲ ಹುಡುಕುವವರು ಇಂದಿನ ಕಾಗುಣಿತದಲ್ಲಿ ನಿಲ್ಲಬಾರದು. ಹಳಗನ್ನಡದ ರೂಪವನ್ನು ಮೊದಲು ನೋಡಿ, ಆಮೇಲೆ ತಮಿಳು, ಮಲಯಾಳಂ, ತುಳು, ತೆಲುಗುಗಳ ಕಡೆ ತಿರುಗಬೇಕು.

ಕರಿಬೇವಿನ ವಿಷಯದಲ್ಲೂ ಇದೇ ತೊಡಕು. ತಮಿಳಿನಲ್ಲಿ ಆ ಎಲೆಯ ಹೆಸರು ಇನ್ನೊಂದು ರಕಾರದಿಂದ ಬರೆಯುವ ‘ಕಱಿ’ಯಿಂದ ಶುರುವಾಗುತ್ತದೆ, ಅಂದರೆ ಮೇಲೋಗರದ ಬೇವು. ಕನ್ನಡದಲ್ಲಿ ‘ಕಪ್ಪು ಬೇವು’ ಎಂದು ಹೇಳುವವರಿದ್ದಾರೆ. ಇಂದಿನ ಕಾಗುಣಿತ ಅವರ ಪರವಾಗಿಯೂ ಇಲ್ಲ, ವಿರುದ್ಧವಾಗಿಯೂ ಇಲ್ಲ. ಕರಿಮೆಣಸಿಗೆ ಮಾತ್ರ ಅನುಮಾನ ಬೇಡ. ತಮಿಳಿನ ಕಱಿಯೂ ಮೆಣಸೇ ಎಂದು ಗೊತ್ತಾದ ಮೇಲೆ ‘ಮೆಣಸು ಮೆಣಸು’ ಎಂದು ಎರಡು ಸಲ ಹೇಳಿದಂತೆ ಅನ್ನಿಸಬಹುದು, ಆದರೆ ಪಕ್ಕದಲ್ಲಿ ಬಿಳಿ ಮೆಣಸು ಇರುವಾಗ ಕರಿ ಅಲ್ಲಿ ಬಣ್ಣವೇ.

ಇಂಗ್ಲಿಷಿನ ‘ಕರಿ’ ತಮಿಳಿನ ಕಱಿಯಿಂದ ಹೋದದ್ದು. ಈ ಪ್ರಯಾಣಕ್ಕೆ ದಾಖಲೆ ಇದೆ, ಅದೇ ಇದರ ಬಲ. ಪೋರ್ಚುಗೀಸರು ‘ಕರಿಲ್’ ಎಂದರು. ಗೋವೆಯಲ್ಲಿ ಕೆಲವು ವರ್ಷ ಇದ್ದ ಡಚ್ಚರ ಲಿನ್ಸ್‌ಖೋಟನ್‌ನ ಪ್ರವಾಸಕಥನ 1598ರಲ್ಲಿ ಇಂಗ್ಲಿಷಿಗೆ ಬಂದಾಗ ‘ಕ್ಯಾರಿಯಲ್’ ಎಂದು ಅಚ್ಚಾಯಿತು, ಅನ್ನದ ಮೇಲೆ ಸುರಿದುಕೊಳ್ಳುವ ಹುಳಿಹುಳಿ ಸಾರು ಎಂಬ ವಿವರಣೆಯೊಂದಿಗೆ. 1747ರ ಇಂಗ್ಲಿಷ್ ಅಡುಗೆ ಪುಸ್ತಕವೊಂದರಲ್ಲಿ ಅದನ್ನು ಮಾಡುವ ಕ್ರಮವೇ ಬಂತು. ಬಂದರು, ಹಡಗು, ಮಧ್ಯವರ್ತಿ ಭಾಷೆ, ಇಸವಿ ಎಲ್ಲ ಇರುವ ಸಾಲ ಇದು. ಎರವಲು ಎಂದು ಹೇಳುವವರು ತೋರಿಸಬೇಕಾದದ್ದು ಇದನ್ನೇ.

ಇಷ್ಟಿದ್ದೂ ಇಂಗ್ಲಿಷಿನಲ್ಲೂ ನಮ್ಮ ಪುರವಣಿಯ ತಪ್ಪಿನ ಅವಳಿ ಒಂದಿದೆ. ಸುಮಾರು 1390ರಲ್ಲಿ ಎರಡನೇ ರಿಚರ್ಡ್ ದೊರೆಯ ಅಡುಗೆಯವರು ಸೇರಿಸಿದ ಪಾಕಸಂಗ್ರಹದ ಹೆಸರಿನಲ್ಲಿ ‘ಕ್ಯೂರಿ’ ಎಂಬ ಪದ ಇದೆ. ಅದನ್ನು ಹಿಡಿದು, ಕರಿ ಮೂಲತಃ ಇಂಗ್ಲಿಷ್ ಪದವೇ, ಇಂಗ್ಲಿಷರು ಭಾರತಕ್ಕೆ ಹೋಗುವ 200 ವರ್ಷ ಮೊದಲೇ ಇತ್ತು ಎಂದು ವಾದಿಸಿದವರಿದ್ದಾರೆ. ಆ ಕ್ಯೂರಿ ಎಂದರೆ ಬರೀ ‘ಅಡುಗೆ’. ಹಳೆಯ ಫ್ರೆಂಚಿನ ಮೂಲಕ ಲ್ಯಾಟಿನ್ನಿನ ‘ಕೊಕ್ವುಸ್’, ಅಂದರೆ ಅಡುಗೆಯವನು, ಎಂಬ ಪದದಿಂದ ಬಂದದ್ದು. ಕುಕ್ ಎಂಬುದರ ನೆಂಟ. ಉಚ್ಚಾರವೂ ಹತ್ತಿರ, ಅರ್ಥವೂ ಹತ್ತಿರ, ಹುಟ್ಟು ಮಾತ್ರ ಬೇರೆ.

ಕುದುರೆಯ ಮೈ ಉಜ್ಜುವುದಕ್ಕೆ, ಹದ ಮಾಡಿದ ಚರ್ಮವನ್ನು ತಿದ್ದುವುದಕ್ಕೆ ಇಂಗ್ಲಿಷಿನಲ್ಲಿ ಇರುವ ‘ಕರಿ’ ಮೂರನೆಯದು. ಹಳೆಯ ಫ್ರೆಂಚಿನಲ್ಲಿ ‘ಸಿದ್ಧಪಡಿಸು’ ಎಂಬ ಅರ್ಥದ ಕ್ರಿಯಾಪದದಿಂದ ಬಂತು. ಅದರದ್ದೇ ಒಂದು ಮೋಜಿನ ಮರಿ ‘ಕರಿ ಫೇವರ್’, ಅಂದರೆ ಬೆಣ್ಣೆ ಹಚ್ಚುವುದು. ಮೊದಲು ಅದು ‘ಕರಿ ಫಾವೆಲ್’. 14ನೇ ಶತಮಾನದ ಆರಂಭದ ಫ್ರೆಂಚ್ ಕಾವ್ಯವೊಂದರಲ್ಲಿ ಫೋವೆಲ್ ಎಂಬುದು ಕಪಟದ ಸಂಕೇತವಾದ ಕುದುರೆ. ದೊಡ್ಡವರೆಲ್ಲ ಬಂದು ಅದರ ಮೈ ಉಜ್ಜುತ್ತಾರೆ. ಕುದುರೆಯ ಹೆಸರು ಮರೆತುಹೋದ ಮೇಲೆ ಜನ ತಮಗೆ ಗೊತ್ತಿದ್ದ ‘ಫೇವರ್’ ಅನ್ನು ಅಲ್ಲಿ ಕೂರಿಸಿದರು. ಅರ್ಥವಾಗದ ಪದದ ಜಾಗಕ್ಕೆ ಅರ್ಥವಾಗುವ ಪದ ಬಂದು ಕೂರುವುದು ಎಲ್ಲ ಭಾಷೆಗಳಲ್ಲೂ ನಡೆಯುತ್ತದೆ; ಕಪ್ಪಾದ್ದರಿಂದ ಕರಿ ಎಂಬುದೂ ಇಂಥದ್ದೇ. ಕಂಪ್ಯೂಟರಿನವರು ‘ಕರಿಯಿಂಗ್’ ಎನ್ನುವುದು ಇನ್ನೂ ಬೇರೆ. ಹಲವು ಮೌಲ್ಯಗಳನ್ನು ಒಟ್ಟಿಗೆ ಪಡೆಯುವ ಫಂಕ್ಷನ್ ಅನ್ನು ಒಂದೊಂದೇ ಮೌಲ್ಯ ಪಡೆಯುವ ಫಂಕ್ಷನ್‌ಗಳ ಸರಪಳಿಯಾಗಿ ಬಿಡಿಸುವ ಕ್ರಮ ಅದು. ಹೆಸರು ಅಮೆರಿಕದ ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿ (1900–1982) ಅವರದ್ದು. ವಿಚಾರವನ್ನು ಅವರಿಗಿಂತ ಮೊದಲು, 1924ರ ಪ್ರಬಂಧದಲ್ಲಿ, ಇನ್ನೊಬ್ಬ ತರ್ಕಶಾಸ್ತ್ರಜ್ಞ ಶೋನ್‌ಫಿಂಕೆಲ್ ಬರೆದಿದ್ದರು.

ಇನ್ನು ಜಪಾನಿ. ಪಟ್ಟಿಯಲ್ಲಿ ‘ಕರಿ: ಬೇಟೆ, ಸಾಲ’ ಎಂದು ಒಂದೇ ಸಾಲಿನಲ್ಲಿ ಬಂದಿದೆ, ಒಂದೇ ಪದಕ್ಕೆ ಎರಡು ಅರ್ಥ ಎಂಬಂತೆ. ಅಲ್ಲಿ ಬೇಟೆಯಾಡು ಎಂಬುದು ‘ಕರು’, ಹುಲ್ಲು ಪೈರು ಕೊಯ್ಯುವುದೂ ‘ಕರು’, ಸಾಲ ಪಡೆ ಎಂಬುದು ‘ಕರಿರು’. ಮೂರರಿಂದಲೂ ‘ಕರಿ’ ಎಂಬ ನಾಮಪದ ಬರುತ್ತದೆ, ಆದರೆ ಆ ‘ಇ’ ಒಂದೇ ಅಲ್ಲ. ನಿಷೇಧ ರೂಪ ಮಾಡಿ ನೋಡಿ: ಬೇಟೆಯಾಡುವುದಿಲ್ಲ ಎಂಬುದಕ್ಕೆ ಕರನಾಯ್, ಸಾಲ ಪಡೆಯುವುದಿಲ್ಲ ಎಂಬುದಕ್ಕೆ ಕರಿನಾಯ್. ಇಂದಿನ ಜಪಾನಿಯಲ್ಲಿ ಬೇಟೆಯ ‘ಇ’ ಬರೀ ಪ್ರತ್ಯಯ, ಬೇರೆ ರೂಪದಲ್ಲಿ ಮಾಯವಾಗುತ್ತದೆ. ಸಾಲದ ‘ಇ’ ಧಾತುವಿನಲ್ಲೇ ಇದೆ, ಜಗ್ಗುವುದಿಲ್ಲ. ನಮ್ಮ ಕರೀಂದ್ರ ಮತ್ತು ಕರಿಯಿರುವೆಯ ಪರೀಕ್ಷೆಯೇ ಇದು, ವೇಷ ಬೇರೆ. ಬರೆಯುವಾಗ ಜಪಾನಿಯರು ಇವಕ್ಕೆ ಬೇರೆ ಬೇರೆ ಚಿತ್ರಾಕ್ಷರ ಬಳಸುವುದರಿಂದ ಅವರಿಗೆ ಗೊಂದಲವೇ ಇಲ್ಲ. ಗೊಂದಲ ಆಗುವುದು ರೋಮನ್ ಅಥವಾ ಕನ್ನಡ ಲಿಪಿಗೆ ಇಳಿಸಿದ ನಮಗೆ.

ಬೇಟೆಯ ಕರಿ ಸಮಾಸದ ಎರಡನೇ ಪದವಾದಾಗ ‘ಗರಿ’ ಆಗುವುದುಂಟು. ಮೊಮಿಜಿಗರಿ ಎಂದರೆ ಶರತ್ಕಾಲದಲ್ಲಿ ಕೆಂಪಾದ ಮೇಪಲ್ ಎಲೆಗಳನ್ನು ನೋಡಲು ಹೋಗುವುದು. ಇದು ನಮ್ಮ ಆದೇಶ ಸಂಧಿಯಂತೆಯೇ ಕಾಣುತ್ತದೆ, ಮಳೆ ಮತ್ತು ಕಾಲ ಸೇರಿ ಮಳೆಗಾಲ ಆದ ಹಾಗೆ. ‘ನೋಡಿ, ಸಂಧಿಯೂ ಕನ್ನಡದ್ದೇ’ ಎಂದು ನಾಳೆ ಯಾರಾದರೂ ಬರೆಯುವ ಮೊದಲು ಹೇಳಿಬಿಡುತ್ತೇವೆ: ಎರಡು ಸ್ವರಗಳ ನಡುವೆ ಸಿಕ್ಕ ಗಡಸು ವ್ಯಂಜನ ಮೆತ್ತಗಾಗುವುದು ಎಷ್ಟೋ ಭಾಷೆಗಳಲ್ಲಿ ತಾನಾಗಿಯೇ ಆಗುತ್ತದೆ.

ಜಪಾನಿಯಲ್ಲಿ ಕಾವ್ಯದ ಕಾಡುಬಾತು ಒಂದು ‘ಕರಿ’; ತಾತ್ಕಾಲಿಕ ಎಂಬುದು ಇನ್ನೊಂದು, ವಾಹನ ಕಲಿಯುವವರ ತಾತ್ಕಾಲಿಕ ಪರವಾನಗಿಗೆ ‘ಕರಿ ಮೆಂಕ್ಯೊ’ ಎನ್ನುತ್ತಾರೆ. ಎಲ್ಲಕ್ಕಿಂತ ಸ್ವಾರಸ್ಯದ್ದು ರಸಾಯನಶಾಸ್ತ್ರದ ‘ಕರಿ’, ಅಂದರೆ ಪೊಟ್ಯಾಸಿಯಂ. ಯುರೋಪಿನ ‘ಕಾಲಿ’ ಎಂಬ ಪದ ಜಪಾನಿಗೆ ಹೋದಾಗ, ಅಲ್ಲಿ ಲ ಮತ್ತು ರ ಬೇರೆ ಬೇರೆ ಅಲ್ಲದ್ದರಿಂದ ‘ಕರಿ’ ಆಯಿತು. ಕಾಲಿ ಹುಟ್ಟಿದ್ದು ಅರಬ್ಬಿಯ ಅಲ್-ಕಲಿಯಿಂದ, ಉಪ್ಪುನೆಲದ ಗಿಡವನ್ನು ಸುಟ್ಟ ಬೂದಿಯ ಹೆಸರು ಅದು. ಕ್ಷಾರಕ್ಕೆ ‘ಅಲ್ಕಲಿ’ ಎನ್ನುವುದೂ ಪೊಟ್ಯಾಸಿಯಂನ ಚಿಹ್ನೆ ‘ಕೆ’ ಆಗಿರುವುದೂ ಇದರಿಂದಲೇ. ಆ ಅರಬ್ಬಿ ಪದದ ಹಿಂದಿರುವ ಕ್ರಿಯಾಪದದ ಅರ್ಥ ಹುರಿ, ಕರಿ! ಎಣ್ಣೆಯಲ್ಲಿ ಕರಿಯುವ ನಮ್ಮ ಕರಿಗೂ ಜಪಾನಿನ ಪೊಟ್ಯಾಸಿಯಂಗೂ ನಂಟು ಕಟ್ಟಲು ಇದಕ್ಕಿಂತ ಒಳ್ಳೆಯ ಬಲೆ ಬೇಕೇ? ಆದರೆ ಅರಬ್ಬಿಯಲ್ಲಿ ಇರುವುದು ಲಕಾರ, ಆರಂಭದ ವ್ಯಂಜನ ಗಂಟಲಾಳದ್ದು. ರಕಾರ ಹುಟ್ಟಿದ್ದು ದಾರಿಯ ಕೊನೆಯಲ್ಲಿ, ಜಪಾನಿನಲ್ಲಿ. ಅಡುಗೆಯ ಕರಿಗೆ ಜಪಾನಿಯರು ‘ಕರೇ’ ಎನ್ನುತ್ತಾರೆ, ಇಂಗ್ಲಿಷಿನಿಂದ ತೆಗೆದುಕೊಂಡದ್ದು.

ಟರ್ಕಿಷ್ ಭಾಷೆಯಲ್ಲಿ ಎಡವಲು ಮೂರು ಕಲ್ಲುಗಳಿವೆ. ಹೆಂಡತಿ ಅಥವಾ ಹೆಂಗಸು ಎಂಬ ಅರ್ಥದ ಪದದ ಕೊನೆಯ ಸ್ವರ ನಮ್ಮ ‘ಇ’ ಅಲ್ಲ. ಅದನ್ನು ಚುಕ್ಕಿಯಿಲ್ಲದ ಐ ಅಕ್ಷರದಲ್ಲಿ ಬರೆಯುತ್ತಾರೆ. ತುಟಿ ಗುಂಡಾಗಿಸದೆ ನಾಲಿಗೆಯನ್ನು ಹಿಂದಕ್ಕೆಳೆದು ‘ಉ’ ಹೇಳಿದ ಹಾಗೆ ಕೇಳಿಸುತ್ತದೆ. ಹಳೆಯ ಟರ್ಕಿಕ್‌ನಲ್ಲಿ ಅದರ ಅರ್ಥ ‘ಮುದಿ’. ಇಂದಿನ ಮಾತಿನಲ್ಲಿ ಅದು ಒರಟು ಪದ, ಪರಿಚಯವಿಲ್ಲದವರ ಮುಂದೆ ಬಳಸುವಂಥದ್ದಲ್ಲ. ಎರಡನೆಯದು ‘ಕರ್’, ಅಂದರೆ ಹಿಮ. ಅದಕ್ಕೆ ದ್ವಿತೀಯಾ ವಿಭಕ್ತಿ ಹತ್ತಿದರೆ ಅದೇ ಕಾಗುಣಿತ: ‘ಹಿಮವನ್ನು’. ವಿಭಕ್ತಿ ಹತ್ತಿದ ರೂಪವನ್ನು ಬೇರೆ ಭಾಷೆಯ ಬರಿಯ ಪದದೊಂದಿಗೆ ಹೋಲಿಸುವುದು, ‘ಮನೆಯಿಂದ’ ಎಂಬುದನ್ನು ಇಡಿಯಾಗಿ ಹಿಡಿದು ಬೇರೆ ಭಾಷೆಯಲ್ಲಿ ಜೋಡಿ ಹುಡುಕಿದಂತೆ.

ಮೂರನೆಯ ಕಲ್ಲು ದೊಡ್ಡದು: ಟರ್ಕಿಷ್‌ನಲ್ಲಿ ‘ಕರ’ ಎಂದರೆ ಕಪ್ಪು. ಕಪ್ಪು ಸಮುದ್ರ ಅವರಿಗೆ ಕರದೆನಿಜ್. ಕಾರಕೋರಂ ಎಂಬ ಪರ್ವತದ ಹೆಸರಿನಲ್ಲೂ ಇದೇ ಕರ. ಇಲ್ಲಿ ಉಚ್ಚಾರದ ಜೊತೆ ಅರ್ಥವೂ ಕೂಡಿಬರುತ್ತದೆ, ಪುರವಣಿಯ ಲೇಖಕರು ಇದನ್ನೇ ತಮ್ಮ ತುರುಪಿನ ಎಲೆ ಮಾಡಿಕೊಂಡಿದ್ದಾರೆ. ಒಂದು ಪದ ಕೂಡಿಬಂದರೆ ಏನೂ ಸಾಬೀತಾಗುವುದಿಲ್ಲ. ಆಸ್ಟ್ರೇಲಿಯಾದ ಎಂಬಬರಂ ಭಾಷೆಯಲ್ಲಿ ನಾಯಿಗೆ ‘ಡಾಗ್’ ಎಂದೇ ಹೆಸರು. ಇಂಗ್ಲಿಷಿಗೂ ಅದಕ್ಕೂ ಸಂಬಂಧವಿಲ್ಲ, ಅದು ‘ಗುಡಗ’ ಎಂಬ ಹಳೆಯ ಪದದ ಸವೆದ ರೂಪ. ಫಾರ್ಸಿಯ ‘ಬದ್’ ಮತ್ತು ಇಂಗ್ಲಿಷಿನ ‘ಬ್ಯಾಡ್’ ಎರಡಕ್ಕೂ ಅರ್ಥ ಕೆಟ್ಟದ್ದು, ಮೂಲ ಬೇರೆ ಬೇರೆ.

ಹಾಗಿದ್ದರೆ ನಂಟು ಸಾಬೀತಾಗುವುದು ಹೇಗೆ? ಧ್ವನಿಗಳ ಲೆಕ್ಕ ಸಾಲುಸಾಲಾಗಿ ಕೂಡಿಬರಬೇಕು. ಕನ್ನಡದಲ್ಲಿ ಪದದ ಮೊದಲಿಗೆ ‘ಹ’ ಇರುವಲ್ಲಿ ತಮಿಳಿನಲ್ಲಿ ‘ಪ’: ಹಾಲು–ಪಾಲ್, ಹುಲಿ–ಪುಲಿ, ಹಲ್ಲು–ಪಲ್, ಹತ್ತು–ಪತ್ತು, ಹೂ–ಪೂ. ಕನ್ನಡದ ‘ಕ’ ಎ, ಇಗಳ ಮುಂದೆ ಬಂದರೆ ತಮಿಳು, ತೆಲುಗುಗಳಲ್ಲಿ ‘ಚ’: ಕಿವಿಗೆ ತಮಿಳಿನಲ್ಲೂ ತೆಲುಗಿನಲ್ಲೂ ಚೆವಿ. ‘ಅ’ ಮುಂದಿದ್ದರೆ ಕ ಕದಲುವುದಿಲ್ಲ: ಕಣ್ಣು–ಕಣ್, ಕಲ್ಲು–ಕಲ್. ಹಾಗಾಗಿ ನಮ್ಮ ಕರಿಗೆ ತಮಿಳಿನಲ್ಲಿ ‘ಕರು’, ‘ಕರಿ’ ಸಿಗಬೇಕು, ಸಿಗುತ್ತದೆ. ಟರ್ಕಿಷ್‌ನೊಂದಿಗೆ ಇಂಥ ಸಾಲು ಹಿಡಿದು ಕೂತರೆ ‘ಕರ’ದ ಮುಂದೆ ಎರಡನೇ ಹೆಜ್ಜೆ ಇಡಲು ನೆಲ ಸಿಗುವುದಿಲ್ಲ. ನಿಜವಾದ ನೆಂಟರು ಎಷ್ಟೋ ಸಲ ಮುಖವೇ ಹೋಲದವರು: ಸಂಸ್ಕೃತದ ಚಕ್ರ ಮತ್ತು ಇಂಗ್ಲಿಷಿನ ವೀಲ್ ಒಂದೇ ಮೂಲದವು.

ಎರಡಕ್ಷರದ ಪದಗಳು ಹೀಗೆ ಊರೂರಲ್ಲಿ ಸಿಗುವುದಕ್ಕೆ ಬರಿಯ ಗಣಿತವೇ ಸಾಕು. ಲೆಕ್ಕಕ್ಕೆಂದು ಒಂದು ಭಾಷೆಯಲ್ಲಿ 15 ವ್ಯಂಜನ, 5 ಸ್ವರ ಇವೆ ಎನ್ನಿ. ಗುಣಿತಾಕ್ಷರಗಳು 75. ಎರಡೆರಡನ್ನು ಜೋಡಿಸಿದರೆ 5,625 ಪದಗಳು ಸಾಧ್ಯ. ಭಾಷೆ ಅದರಲ್ಲಿ 500ನ್ನು ಮಾತ್ರ ಬಳಸಿಕೊಂಡರೂ ‘ಕರಿ’ ಅದರೊಳಗೆ ಇರುವ ಸಾಧ್ಯತೆ 11ಕ್ಕೆ ಸುಮಾರು 1. ಜಗತ್ತಿನಲ್ಲಿ ಸುಮಾರು 7,000 ಭಾಷೆಗಳಿವೆ. ಈ ಲೆಕ್ಕದಲ್ಲಿ 600ಕ್ಕೂ ಹೆಚ್ಚು ಭಾಷೆಗಳಲ್ಲಿ ಯಾವುದೋ ಒಂದು ಕರಿ ಇದ್ದೇ ಇರುತ್ತದೆ. ಇನ್ನು ಹೋಲಿಸುವವರು ಕ, ಗ, ಖ ಒಂದೇ, ರ, ಲ ಒಂದೇ, ಹ್ರಸ್ವ ದೀರ್ಘ ಒಂದೇ ಎಂದು ಸಡಿಲ ಬಿಟ್ಟರೆ? ವ್ಯಂಜನ 8, ಸ್ವರ 3ಕ್ಕೆ ಇಳಿದವು ಎನ್ನಿ. ಗುಣಿತಾಕ್ಷರ 24, ಸಾಧ್ಯವಾದ ಪದ 576. ಅದೇ 500 ಪದಗಳು ಈಗ 576 ಮನೆಗಳಲ್ಲಿ ಹಂಚಿಹೋಗಬೇಕು. ‘ಕರಿಯಂಥದ್ದು’ ಅರ್ಧಕ್ಕಿಂತ ಹೆಚ್ಚು ಭಾಷೆಗಳಲ್ಲಿ ಸಿಗುತ್ತದೆ. ನಿಜವಾದ ಭಾಷೆಗಳು ಇಷ್ಟು ಅಚ್ಚುಕಟ್ಟಾಗಿಲ್ಲ, ಆದರೂ ಪ್ರಮಾಣ ತಿಳಿಯಲು ಇಷ್ಟು ಸಾಲುತ್ತದೆ. ನಾಲ್ಕೈದು ಅಕ್ಷರದ ಪದವೊಂದು ಅರ್ಥಸಮೇತ ಎರಡು ಕಡೆ ಸಿಕ್ಕರೆ ನಾವೂ ಕುರ್ಚಿಯಿಂದ ಎದ್ದು ನೋಡುತ್ತೇವೆ, ಎರಡಕ್ಷರದ್ದಕ್ಕೆ ಏಳುವುದಿಲ್ಲ.

ಫಿನ್ನಿಷ್ ಭಾಷೆಯ ‘ಕರಿ’ ಉಚ್ಚಾರದಲ್ಲಿ ನಮ್ಮದಕ್ಕೆ ಬಹಳ ಹತ್ತಿರ, ಅಕಾರವೂ ಹ್ರಸ್ವವೇ. ದೀರ್ಘ ಮಾಡಿ ‘ಕಾರಿ’ ಎಂದರೆ ಕಮಾನು ಎಂಬ ಬೇರೆ ಪದವಾಗುತ್ತದೆ. ಹ್ರಸ್ವದ ಕರಿಯ ಅರ್ಥ ನೀರಿನಲ್ಲಿ ಅಡಗಿರುವ ಬಂಡೆ. ‘ಕರಿಬಂಡೆಯಿಂದಲೇ ಬಂದಿರಬೇಕು’ ಎಂಬ ಲೇಖಕರ ಊಹೆಗೆ ಆಧಾರವಾಗಿ ಇರುವುದು ಅವರ ಉತ್ಸಾಹ ಒಂದೇ. ಪಕ್ಕದ ಎಸ್ಟೋನಿಯನ್ ಭಾಷೆಯನ್ನು ಅವರು ನೋಡಿದ್ದರೆ ಅಲ್ಲಿ ಎರಡು ‘ಕರಿ’ ಸಿಗುತ್ತಿದ್ದವು: ಒಂದು ಬಂಡೆ, ಇನ್ನೊಂದು ದನಗಳ ಹಿಂಡು. ಷಷ್ಠಿಯಲ್ಲಿ ಬಂಡೆ ಕರಿಯಾಗಿಯೇ ಉಳಿಯುತ್ತದೆ, ಹಿಂಡು ‘ಕರ್ಯ’ ಆಗುತ್ತದೆ. ಫಿನ್ನಿಷ್‌ನಲ್ಲಿ ಜಾನುವಾರುಗಳಿಗೆ ‘ಕರ್ಯ’ ಎಂದೇ ಹೆಸರು. ಅದು ಪ್ರಾಚೀನ ಜರ್ಮಾನಿಕ್ ಭಾಷೆಯಲ್ಲಿ ಪಡೆ, ಗುಂಪು ಎಂಬ ಅರ್ಥವಿದ್ದ ಪದದ ಎರವಲು. ಇಂದಿನ ಜರ್ಮನ್‌ನಲ್ಲಿ ಸೈನ್ಯಕ್ಕೆ ‘ಹೇರ್’ ಎನ್ನುವುದೂ ಅದರಿಂದಲೇ. ಅಂದರೆ ಎಸ್ಟೋನಿಯನ್ ಹಿಂಡಿನ ‘ಇ’ ಮೂಲದಲ್ಲಿ ಯಕಾರ. ನಾರ್ವೆಯಲ್ಲಿ ಕಾರಿ ಹೆಣ್ಣಿನ ಹೆಸರು, ಕತಾರೀನ ಎಂಬುದರ ಮೊಟಕು. ಫಿನ್‌ಲ್ಯಾಂಡಿನಲ್ಲಿ ಕರಿ ಗಂಡಿನ ಹೆಸರು.

ಇಷ್ಟೆಲ್ಲ ಹೇಳಿದ ಮೇಲೆ ಲೇಖಕರು ಕಾಣದೆ ದಾಟಿಹೋದ ಒಂದು ನಿಜವಾದ ನಂಟನ್ನೂ ಹೇಳಬೇಕು. ಸಂಸ್ಕೃತದ ಕರ, ಅಂದರೆ ಕೈ, ‘ಮಾಡು’ ಎಂಬ ಅರ್ಥದ ಕೃ ಧಾತುವಿನದ್ದು. ಕಾರ್ಯ, ಕರ್ಮ, ಅಧಿಕಾರಿ ಎಲ್ಲವೂ ಆ ಧಾತುವಿನ ಮಕ್ಕಳು. ಫಾರ್ಸಿಯಲ್ಲಿ ಕೆಲಸಕ್ಕೆ ‘ಕಾರ್’ ಎನ್ನುತ್ತಾರೆ. ಸಂಸ್ಕೃತ ಮತ್ತು ಫಾರ್ಸಿ ಒಂದೇ ಮನೆತನದವಾದ್ದರಿಂದ ಎರಡಕ್ಕೂ ಮೂಲ ಒಂದೇ. ನಮ್ಮ ಕಾರ್ಖಾನೆ ಆ ಫಾರ್ಸಿಯಿಂದ ಬಂದದ್ದು. ಅದೇ ಕಾರ್ ಟರ್ಕಿಷ್‌ಗೂ ಹೋಗಿ ಅಲ್ಲಿ ‘ಲಾಭ’ ಎಂಬ ಅರ್ಥ ಪಡೆಯಿತು. ಹಿಮದ ‘ಕರ್’ನಿಂದ ಬೇರೆ ಎಂದು ತೋರಿಸಲು ಅಕಾರದ ತಲೆಯ ಮೇಲೆ ಟೋಪಿಯಂಥ ಗುರುತು ಹಾಕುತ್ತಾರೆ. ಹಾಗಾಗಿ ಆನೆಯ ಕರಿ, ಕಾರ್ಖಾನೆಯ ಕಾರ್, ಟರ್ಕಿಷ್ ವ್ಯಾಪಾರಿಯ ಲಾಭ ಮೂರೂ ದೂರದ ದಾಯಾದಿಗಳು. ಆದರೆ ಆನೆಯ ಕರಿಗೂ ಅದರ ಮೈಬಣ್ಣದ ಕರಿಗೂ ಏನೂ ಸಂಬಂಧವಿಲ್ಲ.

ಇನ್ನು ತಿದ್ದುಪಡಿ. ಚೌಕಟ್ಟಿನಲ್ಲಿ ಆನೆಯ ಮುಂದೆ ‘ಕನ್ನಡ ಮೂಲ’ ಎಂದಿರುವುದನ್ನು ‘ಸಂಸ್ಕೃತ, ಕರಿನ್’ ಎಂದು ಮಾಡಬೇಕು. ತಮಿಳಿನ ಸಾಲನ್ನು ಎರಡಾಗಿ ಒಡೆದು ಇದ್ದಿಲಿಗೆ ರ, ಮೇಲೋಗರಕ್ಕೆ ಱ ಹಾಕಬೇಕು; ತಮ್ಮ ಅಚ್ಚಿನ ಫಾಂಟಿನಲ್ಲಿ ಱ ಇಲ್ಲದಿದ್ದರೆ ‘ಗಡಸು ರಕಾರ’ ಎಂದು ಬರೆದರೂ ನಡೆಯುತ್ತದೆ. ಇಂಗ್ಲಿಷಿನ ಕರಿಯ ಮುಂದೆ ‘ತಮಿಳಿನಿಂದ’ ಎಂದು ಸೇರಿಸಬೇಕು. ಜಪಾನಿಯ ಬೇಟೆ ಮತ್ತು ಸಾಲಗಳ ನಡುವಿನ ಅಲ್ಪವಿರಾಮ ತೆಗೆದು ಎರಡು ಸಾಲು ಮಾಡಬೇಕು. ಜಾಲತಾಣದ ಪ್ರತಿಯಲ್ಲಿ ಎಲ್ಲ ಭಾಷೆಗಳ ಪದವನ್ನೂ ಒಂದೇ ರೋಮನ್ ಕಾಗುಣಿತದಲ್ಲಿ ಕೊಟ್ಟಿದ್ದೀರಿ; ಓದುಗರಿಗೆ ಎಲ್ಲವೂ ಒಂದೇ ಅನ್ನಿಸಲು ಅರ್ಧ ಕಾರಣ ಅದೇ. ಅಲ್ಲಿ ಟರ್ಕಿಷ್ ಪದದ ಐ ಮೇಲಿನ ಚುಕ್ಕಿಯನ್ನು ದಯವಿಟ್ಟು ಇವತ್ತೇ ತೆಗೆಸಿ.

ಇತಿ ತಮ್ಮ ವಿಶ್ವಾಸಿಗಳು,
ನಿಘಂಟು ಕೆಲಸದಲ್ಲಿರುವ ಇಬ್ಬರು ಓದುಗರು